ಎದೆಹಾಲಿನ ಮೇಲೆ ಅನುಮಾನ ಬೇಡ

ಮಾನ್ಯ ಸಂಪಾದಕರೇ,

ಸ್ತನ ಕ್ಯಾನ್ಸರ್‌ಗೆ ವೈರಸ್ ಕಾರಣವೇ ಎಂಬ ಪ್ರಶ್ನೆ ಹೊಸದಲ್ಲ. ಇಲಿಗಳಲ್ಲಿ ಈ ರೋಗ ತಾಯಿಯ ಹಾಲಿನ ಮೂಲಕ ಮರಿಗಳಿಗೆ ದಾಟುತ್ತದೆಂದು ಅಮೆರಿಕದ ಜಾನ್ ಬಿಟ್ನರ್ 1936ರಲ್ಲೇ ತೋರಿಸಿದ್ದರು. ಹಾಲಿನಲ್ಲಿದ್ದುದು ವೈರಸ್ ಎಂಬುದು ಆಮೇಲೆ ಖಚಿತವಾಯಿತು. ಮುಂಬೈನ ಪಾರ್ಸಿ ಮಹಿಳೆಯರ ಎದೆಹಾಲಿನಲ್ಲೂ ಅಂಥದೇ ಕಣಗಳು ಕಂಡವೆಂದು 1971ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ವರದಿಯಾಯಿತು. ಮುಂದೆ ಕೆಲವು ಪ್ರಯೋಗಾಲಯಗಳು ಮನುಷ್ಯರ ಗೆಡ್ಡೆಗಳಲ್ಲಿ ಆ ವೈರಸ್ಸನ್ನು ಹೋಲುವ ಜೀನ್ ತುಣುಕುಗಳನ್ನು ಕಂಡವು. ಹುಡುಕಿ ಬರಿಗೈಲಿ ಬಂದವೂ ಇವೆ. ಯಾವ ವೈರಸ್ಸೂ ಮನುಷ್ಯರ ಸ್ತನ ಕ್ಯಾನ್ಸರ್‌ಗೆ ಕಾರಣವೆಂದು ಇನ್ನೂ ಸಾಬೀತಾಗಿಲ್ಲ.

ಇಂಥ ಅರೆಬರೆ ಸುದ್ದಿ ಬಾಣಂತಿಯರ ಕಿವಿಗೆ ಬಿದ್ದರೆ ಗತಿಯೇನು ಎಂಬುದೇ ನನ್ನ ಆತಂಕ. 30 ದೇಶಗಳ 47 ಅಧ್ಯಯನಗಳನ್ನು ಒಟ್ಟುಗೂಡಿಸಿ 2002ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, ಪ್ರತಿ 12 ತಿಂಗಳ ಹಾಲೂಡಿಕೆ ತಾಯಿಗೆ ಸ್ತನ ಕ್ಯಾನ್ಸರ್ ಬರುವ ಅಪಾಯವನ್ನು ಶೇ 4.3ರಷ್ಟು ತಗ್ಗಿಸುತ್ತದೆ. ಹಾಲುಣಿಸುವುದು ತಾಯಿಗೂ ರಕ್ಷೆ!

ಗರ್ಭಕಂಠದ ಕ್ಯಾನ್ಸರ್‌ನಲ್ಲಿ ಎಚ್‌ಪಿವಿ ಎಂಬ ವೈರಸ್ಸಿನ ಪಾತ್ರ ದೃಢಪಟ್ಟಿದ್ದರಿಂದಲೇ ಲಸಿಕೆ ಬಂತು. ಹಾಗಾಗಿ ಸ್ತನ ಕ್ಯಾನ್ಸರ್ ಕುರಿತ ಹುಡುಕಾಟವೂ ನಿಲ್ಲಬಾರದು, ಅದಕ್ಕೆ ಹಣ ಸಿಗಬೇಕು. ಆದರೆ ಪತ್ರಿಕೆ, ಟಿ.ವಿ.ಗಳವರಲ್ಲಿ ಒಂದು ಕೋರಿಕೆ: ಇಲಿಗಳಲ್ಲಿ ಕಂಡದ್ದನ್ನು ಮನುಷ್ಯರಲ್ಲಿ ಕಂಡಂತೆ ದಯವಿಟ್ಟು ಶೀರ್ಷಿಕೆ ಮಾಡಬೇಡಿ.

– ನಿವೃತ್ತ ಜೀವಶಾಸ್ತ್ರ ಉಪನ್ಯಾಸಕಿ, ಹಾಸನ