ಬೆಚ್ಚಿಬಿದ್ದ ಊರು, ಗುಲಾಬಿ ಮೂಸಿದ ಗೊಂಬೆ

ತಮ್ಮಾ,

ರಾಗಿ ಮೆದೆಗೆ ಬೆಂಕಿ ಬಿದ್ದಿದ್ರ ಬಗ್ಗೆ ನೀನು ಕಳ್ಸಿದ ಲೇಖನ ಓದ್ದೆ. ಮೊದಲ್ನೇ ಸಾಲಲ್ಲೇ "ಇಡೀ ಊರೇ ಬೆಚ್ಚಿಬಿದ್ದಿತ್ತು" ಅಂತಿದ್ಯಲ್ಲ, ಅಲ್ಲೇ ನಿಂತ್ಬಿಟ್ಟೆ. ಕೆಳಗೆ ನೀನೇ ಕೇಳಿದೀಯ, ಸರ್ ಸ್ವಲ್ಪ ಸೆನ್ಸೇಷನಲ್ ಆಯ್ತಾ ಅಂತ. ಆಯ್ತು ಕಣೋ. ಆದ್ರೆ ಆ ಪದಕ್ಕೆ ಇನ್ನೊಂದು ಅರ್ಥ ಇದೆ, ಆ ಲೆಕ್ಕದಲ್ಲಿ ನೋಡಿದ್ರೆ ನಿನ್ನ ಲೇಖನ ಸಾಕಷ್ಟು ಸೆನ್ಸೇಷನಲ್ ಆಗೇ ಇಲ್ಲ, ನನ್ನ ತಕರಾರು ಅದು.

ಫಿಲಾಸಫಿಯಲ್ಲಿ ಸೆನ್ಸೇಷನಲಿಸಂ ಅಂದ್ರೆ ನಮಗೆ ಗೊತ್ತಿರೋದೆಲ್ಲ ಕಣ್ಣು ಕಿವಿ ಮೂಗಿನಿಂದ್ಲೇ ಬಂದಿದ್ದು ಅನ್ನೋ ವಾದ. ಫ್ರಾನ್ಸಿನ ಕಾಂಡಿಲ್ಯಾಕ್ ಅನ್ನೋ ಪಾದ್ರಿ 1754ರ ಪುಸ್ತಕದಲ್ಲಿ ಒಂದು ಅಮೃತಶಿಲೆ ಗೊಂಬೆ ಕಲ್ಪಿಸ್ಕೊಳ್ತಾನೆ, ತಲೇಲಿ ಒಂದು ವಿಚಾರವೂ ಇಲ್ಲ, ಮೊದಲು ಅದಕ್ಕೆ ಬರೀ ಮೂಗು ಕೊಡ್ತಾನೆ, ಗುಲಾಬಿ ಹಿಡೀತಾನೆ. ಗೊಂಬೆಗೆ "ನಾನು ಗುಲಾಬಿ ಮೂಸ್ತಿದೀನಿ" ಅಂತ ಅನ್ಸಲ್ಲ, ತಾನೇ ಆ ವಾಸನೆ ಅನ್ಸುತ್ತೆ! ಆಮೇಲೆ ಬೇರೆ ಹೂವು, ಆಗ ನೆನಪು ಬರುತ್ತೆ, ಹೋಲಿಕೆ ಬರುತ್ತೆ, ಆಸೆ ಬರುತ್ತೆ, ಎಲ್ಲ ಒಂದೇ ಮೂಗಿಂದ. ಆದ್ರೆ ಹೊರಗೂ ಒಂದು ಲೋಕ ಇದೆ ಅಂತ ಅದಕ್ಕೆ ಗೊತ್ತಾಗೋದು ಕೈಯಿಂದ ಮುಟ್ಟಿದ ಮೇಲೇ.

ಪತ್ರಿಕೆಯೋರ ಸೆನ್ಸೇಷನಲಿಸಂ ಇದಕ್ಕೆ ಪೂರ್ತಿ ಉಲ್ಟಾ, ಮುಟ್ಟೋಕೆ ಮುಂಚೆನೇ ಕಿರುಚೋದು. 1898ರ ಫೆಬ್ರವರಿ 15ರ ರಾತ್ರಿ, ಆಗ ಸ್ಪೇನ್ ಕೈಯಲ್ಲಿದ್ದ ಕ್ಯೂಬಾದ ಹವಾನಾ ಬಂದರಲ್ಲಿ ಅಮೆರಿಕದ ಮೇನ್ ಯುದ್ಧನೌಕೆ ಸ್ಫೋಟ ಆಗಿ 260ಕ್ಕೂ ಹೆಚ್ಚು ಜನ ಸತ್ರು. ಎರಡೇ ದಿನಕ್ಕೆ ಹರ್ಸ್ಟ್ ಅನ್ನೋ ಮಾಲೀಕನ ನ್ಯೂಯಾರ್ಕ್ ಜರ್ನಲ್ ಪತ್ರಿಕೆ ಇದು ಶತ್ರುವಿನ ಕೆಲಸ ಅಂತ ದಪ್ಪ ಅಕ್ಷರದಲ್ಲಿ ಹಾಕ್ತು, ಮಾಡಿದೋರನ್ನ ಹಿಡಿದುಕೊಟ್ರೆ 50,000 ಡಾಲರ್ ಬಹುಮಾನ ಬೇರೆ. ನೌಕಾಪಡೆ ವಿಚಾರಣೆ ಇನ್ನೂ ಶುರುವಾಗೇ ಇರ್ಲಿಲ್ಲ. ಏಪ್ರಿಲ್‌ನಲ್ಲಿ ಸ್ಪೇನ್ ಜೊತೆ ಯುದ್ಧ. (ಪತ್ರಿಕೆನೇ ಯುದ್ಧ ಮಾಡಿಸ್ತು ಅಂತಾರಲ್ಲ, ಅದೂ ಒಂಥರಾ ಸೆನ್ಸೇಷನಲ್ ಮಾತೇ ಬಿಡು.) 1976ರಲ್ಲಿ ಅಮೆರಿಕ ನೌಕಾಪಡೆಯ ಅಡ್ಮಿರಲ್ ರಿಕೋವರ್ ತಂಡ ಮತ್ತೆ ನೋಡಿ, ಹಡಗಿನೊಳಗಿನ ಕಲ್ಲಿದ್ದಲಿಗೇ ಬೆಂಕಿ ಹತ್ಕೊಂಡು ಪಕ್ಕದ ಮದ್ದುಗುಂಡು ಸಿಡಿದಿರಬೇಕು ಅಂತು.

ನಾನೇನೂ ಸಾಚಾ ಅಲ್ಲ. ಪತ್ರಿಕೆ ಡೆಸ್ಕಲ್ಲಿದ್ದಾಗ ಒಂದು ರಾತ್ರಿ ಲಾರಿ ಆಕ್ಸಿಡೆಂಟ್ ಸುದ್ದಿ ಫೋನಲ್ಲಿ ಬಂತು, ಎಡಿಷನ್ ಟೈಮ್ ಆಗಿತ್ತು, "ರಕ್ತದ ಕೋಡಿ ಹರಿಯಿತು" ಅಂತ ಗೀಚಿ ಕಳ್ಸಿದೆ. ಮಾರನೇ ದಿನ ಆ ಜಾಗಕ್ಕೆ ಹೋದ್ರೆ ಡೀಸೆಲ್ ವಾಸನೆ, ಮೋರಿ ಪಕ್ಕ ಒಂದು ಹವಾಯಿ ಚಪ್ಪಲಿ, ಹೆಬ್ಬೆರಳ ಹತ್ರ ಪಿನ್ ಹಾಕಿ ರಿಪೇರಿ ಮಾಡಿದ್ದು. ಸತ್ತೋನ ಅಣ್ಣ ಪೇಪರ್ ಮಡಚಿ ಹಿಡ್ಕೊಂಡು ನಿಂತಿದ್ದ, "ರಕ್ತ ಎಲ್ಲಿತ್ತು ಸಾರ್?" ಅಂದ. ಅಷ್ಟೇ ಕೇಳಿದ್ದು. ಆ ಪಿನ್ನಿನ ಬಗ್ಗೆ ಬರೆದಿದ್ರೆ ಸಾಕಿತ್ತು.

ನಮ್ಮಲ್ಲಿ ಮಜಾ ನೋಡು, ಸಂವೇದನಾಶೀಲ ಬರಹ ಅಂದ್ರೆ ಹೊಗಳಿಕೆ, ಸೆನ್ಸೇಷನಲ್ ಅಂದ್ರೆ ಬೈಗುಳ. ರೋಚಕ ಅನ್ನೋದೂ ಮೂಲದಲ್ಲಿ ನಾಲಿಗೆ ಪದವೇ, ರುಚಿ ಹುಟ್ಟಿಸೋದು ಅಂತ. ಈಗ ಟೀವಿಯೋರು ಎಲ್ಲದಕ್ಕೂ ಹಾಕಿ ಹಾಕಿ ಅದರ ರುಚಿನೇ ಹೋಗಿದೆ. ಹಿರೀಕರು ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂದಿದ್ರು, ನಾವು ಕಾಣೋಕೂ ಹೋಗ್ತಿಲ್ಲ.

ನಿನ್ನ ಮೂರನೇ ಪ್ಯಾರಾದಲ್ಲಿ ಒಂದು ಸಾಲಿದೆ, ಸುಟ್ಟ ರಾಗಿ ವಾಸನೆ ಎರಡು ದಿನ ಸೀರೆಯಿಂದ ಹೋಗ್ಲಿಲ್ಲ ಅಂತ ಅಜ್ಜಿ ಹೇಳಿದ್ದು. ಅದನ್ಯಾಕೆ ಬ್ರ್ಯಾಕೆಟ್ಟಲ್ಲಿ ಬಚ್ಚಿಟ್ಟೆ? ಮೇಲಕ್ಕೆ ತಾ. ಬೆಚ್ಚಿಬಿದ್ದ ಊರನ್ನ ತೆಗೆದುಬಿಡು. ಆಮೇಲೆ ಇನ್ನೊಂದ್ಸಲ ಹೋಗಿ ಆ ಅಜ್ಜಿನ ಕೇಳು, ಮೆದೆಯಲ್ಲಿ ಎಷ್ಟು ರಾಗಿ ಇತ್ತು, ಈ ವರ್ಷ ಮನೇಲಿ ಮುದ್ದೆಗೆ ಏನ್ಮಾಡ್ತಾರೆ ಅಂತ. ಭಾನುವಾರದೊಳಗೆ ಕಳ್ಸು, ಓದ್ತೀನಿ.