ನಾಳೆ ರಾತ್ರಿ ಆಕ್ಸೆಸ್ ಪಾಯಿಂಟ್‌ಗಳ ಮ್ಯಾನೇಜ್‌ಮೆಂಟ್ ವಿಲ್ಯಾನ್ ಬದಲಾವಣೆ

ಎಲ್ಲರಿಗೂ ನಮಸ್ಕಾರ. ನಾಳೆ ರಾತ್ರಿ 10ರಿಂದ ಆಕ್ಸೆಸ್ ಪಾಯಿಂಟ್‌ಗಳ (ವೈಫೈ ಕೊಡುವ ಸಾಧನಗಳು, ಚಿಕ್ಕದಾಗಿ ಎಪಿ) ಮ್ಯಾನೇಜ್‌ಮೆಂಟ್ ವಿಲ್ಯಾನ್ (ಅವನ್ನು ನಿರ್ವಹಿಸಲು ಬಳಸುವ, ನೆಟ್‌ವರ್ಕ್‌ನೊಳಗಿನ ಪ್ರತ್ಯೇಕ ಭಾಗ) 1ರಿಂದ 50ಕ್ಕೆ ಬದಲಾಗುತ್ತದೆ. ನಡುವೆ ವೈಫೈ ಕೆಲ ನಿಮಿಷ ಹೋಗಬಹುದು. ರಾತ್ರಿ ಪಾಳಿಯವರು ಕೇಬಲ್ ಹಾಕಿಕೊಳ್ಳಿ.

ಸ್ವಿಚ್ ನೋಡಿಕೊಳ್ಳುವವರೇ, ಮೊದಲು ಸ್ವಿಚ್‌ನಲ್ಲಿ ಬದಲಿಸಿ, ಆಮೇಲೆ ಕ್ಲೌಡ್ ಡ್ಯಾಶ್‌ಬೋರ್ಡ್‌ನಲ್ಲಿ (ಎಪಿಗಳನ್ನು ಆನ್‌ಲೈನ್‌ನಲ್ಲಿ ನಿಯಂತ್ರಿಸುವ ಪುಟ). ಎಪಿಗೆ ಹೋಗುವ ಟ್ರಂಕ್ ಪೋರ್ಟ್‌ಗಳಲ್ಲೂ (ಹಲವು ವಿಲ್ಯಾನ್‌ಗಳನ್ನು ಒಟ್ಟಿಗೆ ಸಾಗಿಸುವ ಪೋರ್ಟ್‌ಗಳು) ಅಪ್‌ಲಿಂಕ್‌ನಲ್ಲೂ (ಸ್ವಿಚ್‌ನಿಂದ ಮೇಲಿನ ನೆಟ್‌ವರ್ಕ್‌ಗೆ ಹೋಗುವ ಕೊಂಡಿ) ವಿಲ್ಯಾನ್ 50 ಟ್ಯಾಗ್ ಆಗಿರಬೇಕು. ವಿಲ್ಯಾನ್ 50ರಲ್ಲಿ ಡಿಎಚ್‌ಸಿಪಿ (ವಿಳಾಸ ಹಂಚುವ ಸೇವೆ) ಐಪಿ ಕೊಡಬೇಕು, ಡಿಎನ್‌ಎಸ್ (ಹೆಸರಿನಿಂದ ವಿಳಾಸ ಹುಡುಕುವ ಸೇವೆ) ಸಿಗಬೇಕು, ಹೊರಗೆ 443 (ಸುರಕ್ಷಿತ ವೆಬ್ ಸಂಪರ್ಕದ ಪೋರ್ಟ್ ಸಂಖ್ಯೆ) ತೆರೆದಿರಬೇಕು. ಒಂದು ತಪ್ಪಿದರೂ ಎಪಿ ಕ್ಲೌಡ್‌ನ ಕೈಗೆ ಸಿಗದೆ, ಏಣಿ ಹತ್ತಿ ರೀಸೆಟ್ ಮಾಡಬೇಕಾದೀತು. ಅದಕ್ಕೇ ಮೊದಲು ಒಂದೇ ಎಪಿ ಬದಲಿಸೋಣ. ಅದು ಆನ್‌ಲೈನ್ ಬಂದ ಮೇಲೆ ಉಳಿದವು. ಹಳೆಯ ವಿಲ್ಯಾನನ್ನು ಪೋರ್ಟ್‌ನಿಂದ ಈಗಲೇ ತೆಗೆಯಬೇಡಿ.

ನಿಮ್ಮ ಮಹಡಿಯ ಪೋರ್ಟ್‌ಗಳು ಸಿದ್ಧವಾದ ಕೂಡಲೇ, ನಾಳೆ ಸಂಜೆ 5ರೊಳಗೆ, ಮಹಡಿ ಸಂಖ್ಯೆ ಹಾಕಿ ಇಲ್ಲೇ ತಿಳಿಸಿ. ಉತ್ತರ ಬಾರದ ಮಹಡಿಯನ್ನು ನಾಳೆ ಮುಟ್ಟುವುದಿಲ್ಲ.