ಲಂಡನ್ ಎಂದು ಕೆತ್ತಿದ ಪಿಸ್ತೂಲು

ಮಗಳೇ,

ನೀನು ಕಳಿಸಿದ ಫೋಟೋಗಳನ್ನು ರಾತ್ರಿ ಎರಡೆರಡು ಸಲ ನೋಡಿದೆ. ನಳಿಗೆಯ ಮೇಲೆ ‘ಲಂಡನ್’ ಎಂದು ಕೆತ್ತಿದೆ, ಇಂಗ್ಲೆಂಡಿನದೆಂದೇ ದಾಖಲೆಯಲ್ಲಿ ಬರೆಯಲೇ ಎಂದು ಕೇಳಿದ್ದೀಯ. ಸ್ವಲ್ಪ ತಾಳು.

ಮೊದಲು ಒಂದು ಕೆಲಸ ಮಾಡು. ಇದು ನಳಿಗೆಯ ಬಾಯಿಯಿಂದ ಮದ್ದು ತುಂಬುವ ಪಿಸ್ತೂಲು. ಎಷ್ಟು ಕಾಲ ಗೋಡೆಯ ಮೇಲೆ ತೂಗಿದ್ದರೂ ಒಳಗೆ ಮದ್ದು, ಗುಂಡು ಹಾಗೇ ಉಳಿದಿರಬಹುದು. ತೆಳ್ಳನೆಯ ಮರದ ಕಡ್ಡಿಯನ್ನು ತಳ ಮುಟ್ಟುವ ತನಕ ನಳಿಗೆಯೊಳಗೆ ಇಳಿಸು, ಬಾಯಿಯ ಅಂಚಿಗೆ ಸರಿಯಾಗಿ ಕಡ್ಡಿಯ ಮೇಲೆ ಗುರುತು ಹಾಕು. ಹೊರತೆಗೆದು ನಳಿಗೆಯ ಪಕ್ಕಕ್ಕಿಟ್ಟು ಅಳೆ. ಕಡ್ಡಿಯ ತುದಿ ನಿಪ್ಪಲ್‌ನ, ಅಂದರೆ ಕಿಡಿ ಹುಟ್ಟಿಸುವ ಪುಟ್ಟ ಕ್ಯಾಪ್ ಕೂರುವ ಮೊಳೆಯಂಥ ತುಂಡಿನ, ಹತ್ತಿರ ಬಂದರೆ ಖಾಲಿ. ಎರಡು ಬೆರಳಿನಷ್ಟು ಮೊದಲೇ ನಿಂತರೆ ಅದನ್ನು ಮುಟ್ಟಬೇಡ, ಬಲ್ಲವರನ್ನು ಕರೆಸು. ಕಡ್ಡಿ ಇಳಿಸುವಾಗ ಮುಖವಾಗಲಿ ಅಂಗೈಯಾಗಲಿ ನಳಿಗೆಯ ನೇರಕ್ಕೆ ಬರಬಾರದು.

ಈಗ ನಳಿಗೆಯ ಅಡಿಯ ಫೋಟೋ. ಅಂಡಾಕಾರದ ಗೆರೆಯೊಳಗೆ ಇ, ಎಲ್, ಜಿ ಅಕ್ಷರಗಳು, ಕೆಳಗೊಂದು ಪುಟ್ಟ ನಕ್ಷತ್ರ. ಅದು ಬೆಲ್ಜಿಯಂನ ಲಿಯೇಜ್ ನಗರದ ಪರೀಕ್ಷಾ ಮುದ್ರೆ. ವಾಡಿಕೆಗಿಂತ ಹೆಚ್ಚು ಮದ್ದು ತುಂಬಿ ಹಾರಿಸಿ, ನಳಿಗೆ ಬಿರಿಯದೆ ಉಳಿದರೆ ಮಾತ್ರ ಒತ್ತುತ್ತಿದ್ದದ್ದು. ಲಂಡನ್ನಿನದಾಗಿದ್ದರೆ ಕಿರೀಟದಡಿ ಹೆಣೆದುಕೊಂಡ ಜಿ, ಪಿ, ಅದರ ಜೊತೆಗೆ ಕಿರೀಟದಡಿ ಒಂದು ವಿ ಇರಬೇಕಿತ್ತು. 1813ರಲ್ಲಿ ಶುರುವಾದ ಬರ್ಮಿಂಗ್‌ಹ್ಯಾಮ್ ಪರೀಕ್ಷಾಲಯದ್ದಾದರೆ ಅಡ್ಡಡ್ಡ ಇಟ್ಟ ರಾಜದಂಡಗಳು. ಯಾವುದೂ ಕಾಣುತ್ತಿಲ್ಲ. ‘ಲಂಡನ್’ ಎಂಬ ಹೆಸರಿಗೆ ಆಗ ಬೆಲೆಯಿತ್ತು. ಲಿಯೇಜಿನವರು ಮಾತ್ರವಲ್ಲ, ಬರ್ಮಿಂಗ್‌ಹ್ಯಾಮಿನವರೂ ಅದನ್ನು ಕೆತ್ತುತ್ತಿದ್ದರು. ನಳಿಗೆಯ ಮೇಲಿನ ಹೆಸರು ಮಾರುವವನ ಮಾತು. ಅಡಿಯಲ್ಲಿರುವುದು ಪರೀಕ್ಷಿಸಿದವನ ಸಾಕ್ಷಿ. ನಾನು ನಂಬುವುದು ಎರಡನೆಯದನ್ನು.

ಕಾಲವನ್ನೂ ಅಲ್ಲೇ ಹಿಡಿಯಬಹುದು. 1893ರಿಂದ ಆ ಅಂಡದ ತಲೆಯ ಮೇಲೆ ಕಿರೀಟ ಸೇರಿತು. ನಿನ್ನದರಲ್ಲಿ ಕಿರೀಟವಿಲ್ಲ. ಪಕ್ಕದಲ್ಲಿ ಮಸುಕಾಗಿರುವ ಒಂದೇ ಅಕ್ಷರ ಪರೀಕ್ಷಕನ ಗುರುತು. ಅದರ ಮೇಲೆ ಕಿರೀಟವಿದ್ದರೆ 1853ರಿಂದ 1877ರೊಳಗಿನದು, ನಕ್ಷತ್ರವಿದ್ದರೆ ಆಮೇಲಿನದು. ಫೋಟೋದಲ್ಲಿ ನನಗೆ ಕಿರೀಟದಂತೆ ಕಂಡಿತು, ಆದರೆ ಆಣೆ ಮಾಡಲಾರೆ. ಕೋಣೆಯ ದೀಪ ಆರಿಸಿ, ಟಾರ್ಚನ್ನು ಲೋಹಕ್ಕೆ ತಾಗುವಷ್ಟು ಓರೆಯಾಗಿ ಹಿಡಿದು ನೋಡು. ಸೀಮೆಸುಣ್ಣದ ಪುಡಿಯನ್ನು ಬೆರಳಿನಿಂದ ಸವರಿದರೂ ತಗ್ಗುಗಳು ಎದ್ದು ಕಾಣುತ್ತವೆ.

ಮರಳು ಕಾಗದ ಮಾತ್ರ ಮುಟ್ಟಿಸಬೇಡ. ನಿನ್ನ ವಯಸ್ಸಿನಲ್ಲಿ ನಾನು ತುಕ್ಕು ಹಿಡಿದ ಒಂದು ಪಿಸ್ತೂಲನ್ನು ಫಳಫಳ ಹೊಳೆಯುವಂತೆ ಉಜ್ಜಿದ್ದೆ. ತುಕ್ಕಿನ ಜೊತೆ ಮುದ್ರೆಯೂ ಹೋಯಿತು. ಅದು ಎಲ್ಲಿಯದೆಂದು ಇವತ್ತಿಗೂ ಯಾರೂ ಹೇಳಲಾರರು. ಆ ನೋವು ನನಗಿನ್ನೂ ಇದೆ.

ಪರೀಕ್ಷಾ ಮುದ್ರೆ ನಳಿಗೆಯ ಕಥೆಯನ್ನಷ್ಟೇ ಹೇಳುತ್ತದೆ. ಲಾಕ್, ಅಂದರೆ ಗುಂಡು ಹಾರಿಸುವ ಯಂತ್ರಭಾಗ, ಬೇರೆ ಪಿಸ್ತೂಲಿನಿಂದ ಬಂದಿರಲೂಬಹುದು. ಖಾಲಿಯೆಂದು ಖಚಿತವಾದ ಮೇಲೆ ಅದನ್ನು ಬಿಚ್ಚಿಸಿ ಒಳಮೈ ನೋಡು. ನಳಿಗೆಯಡಿ ಇರುವ ಜೋಡಣೆಯ ಗೀಟುಗಳೇ ಅಲ್ಲೂ ಇದ್ದರೆ ಎರಡೂ ಒಟ್ಟಿಗೇ ಹುಟ್ಟಿದವು. ಅಲ್ಲಿಯವರೆಗೆ ದಾಖಲೆಯಲ್ಲಿ ‘ನಳಿಗೆ ಲಿಯೇಜ್, 1893ಕ್ಕೆ ಮೊದಲು, ಮೇಲೆ ಲಂಡನ್ ಎಂಬ ಕೆತ್ತನೆ’ ಎಂದಷ್ಟೇ ಇರಲಿ.

ಕಡ್ಡಿಯ ಸುದ್ದಿಯನ್ನು ಇವತ್ತೇ ಬರೆ.

ನಿನ್ನ
ಅಮ್ಮ